ಹೈನುಗಾರರ ಹಿರಿಯ ಶ್ರೀ ತ್ರಿಭುವನದಾಸ ಪಟೇಲರು

ಸಂಸ್ಥೆಗಳನ್ನು ಹುಟ್ಟಿಸುವವರು ಅನೇಕರುಂಟು. ಹುಟ್ಟಿಸಿದ್ದನ್ನು ಬೆಳೆಯಿಸುವವರು ಕೆಲವರುಂಟು. ಬೆಳೆದ ಸಂಸ್ಥೆಯ ಅಧಿಕಾರವನ್ನು ತಕ್ಕ ಕಾಲದಲ್ಲಿ ತಾವಾಗಿ ಬಿಟ್ಟುಕೊಟ್ಟು, ಬೀಳ್ಕೊಡುವಾಗ ಜನರು ಅರ್ಪಿಸಿದ ಕಾಣಿಕೆಯನ್ನೂ ಆ ಜನರ ಮನೆಗಳಿಗೇ ಮರಳಿಸಿದವರು ಅತಿ ವಿರಳ. ಗುಜರಾತದ ಆಣಂದ ಪಟ್ಟಣದ ಶ್ರೀ ತ್ರಿಭುವನದಾಸ ಕಿಶಿಭಾಯಿ ಪಟೇಲರು ಈ ವಿರಳವಾದ ಪಂಕ್ತಿಗೆ ಸೇರಿದವರು. 'ಅಮೂಲ್' ಎಂಬ ಮುದ್ರೆಯುಳ್ಳ ಬೆಣ್ಣೆಯನ್ನು ಇಂದು ದೇಶದ ಮೂಲೆಮೂಲೆಗಳಲ್ಲಿ ಜನರು ಬಲ್ಲರು. ಅದನ್ನು ಕೀರ್ತಿಗೆ ತಂದ ಡಾಕ್ಟರ ವರ್ಗೀಸ ಕುರಿಯನ್ನರ ಹೆಸರನ್ನೂ ಬಲ್ಲರು. ಆದರೆ ಆ ಕುರಿಯನ್ನರನ್ನು ತಡೆದು ನಿಲ್ಲಿಸಿ, ಅವರ ಕೈಗೆ ಕೆಲಸವನ್ನೊಪ್ಪಿಸಿ, ಬೆನ್ನಿಗೆ ಬೆಟ್ಟದಂತೆ ನಿಂತ ಹಿರಿಯರನ್ನು ಬಲ್ಲವರು ಕಡಿಮೆ. ಆ ಹಿರಿಯರ ಬಾಳಿನ ಕಥೆಯು ಒಂದು ಜಿಲ್ಲೆಯ ಒಕ್ಕಲು ಮನೆಗಳ ಕಥೆಯೊಡನೆ ಹೆಣೆದುಕೊಂಡಿರುವದರಿಂದ, ಮೊದಲು ಆ ನಾಡಿನ ಸ್ಥಿತಿಯನ್ನು ಅರಿಯುವದು ಅವಶ್ಯ.

ಗುಜರಾತದ ಖೇಡಾ ಜಿಲ್ಲೆಯಲ್ಲಿ ಮಹೀ ನದಿಯ ಬಡಗಣಕ್ಕೆ ಹಬ್ಬಿರುವ ಫಲವತ್ತಾದ ಬಯಲಿಗೆ ಚರೋತರವೆಂದು ಹೆಸರು. ಅಲ್ಲಿ ತಂಬಾಕು, ಸಜ್ಜೆ ಮೊದಲಾದ ಬೆಳೆಗಳು ಹುಲುಸಾಗಿ ಬೆಳೆಯುತ್ತವೆ. ಅಲ್ಲಿಯ ಪಾಟೀದಾರರು ಒಕ್ಕಲುತನದಲ್ಲಿ ನಿಪುಣರೆಂದೂ, ಹಟ ಹಿಡಿದರೆ ಬಿಡದವರೆಂದೂ ಪ್ರಸಿದ್ಧರು. ಸರದಾರ ವಲ್ಲಭಭಾಯಿ ಪಟೇಲರ ಕರಮಸದವು ಈ ಸೀಮೆಯದೇ. ಸನ್ ೧೯೧೮ನೇ ಇಸವಿಯಲ್ಲಿ ಬೆಳೆಯು ಕೆಟ್ಟಿದ್ದರೂ ಸರಕಾರವು ಭೂಕಂದಾಯವನ್ನು ಬಿಡಲೊಪ್ಪದಿದ್ದಾಗ, ಮಹಾತ್ಮಾ ಗಾಂಧಿಯವರ ಮಾರ್ಗದರ್ಶನದಲ್ಲಿ ಸತ್ಯಾಗ್ರಹವು ನಡೆದದ್ದು ಈ ಜಿಲ್ಲೆಯಲ್ಲಿಯೇ. ಹೊಲದಷ್ಟೇ ಮುಖ್ಯವಾದ ಇನ್ನೊಂದು ಆಸ್ತಿಯು ಆ ಜನರಿಗೆ ಉಂಟು; ಅದು ಎಮ್ಮೆ. ಸುರತಿ ಎಂಬ ಎಮ್ಮೆಯ ತಳಿಗೆ ಈ ಪ್ರದೇಶವೇ ತವರು. ಹೊಲವಿದ್ದವನ ಕೊಟ್ಟಿಗೆಯಲ್ಲಿ ಎಮ್ಮೆಯುಂಟು; ಹೊಲವಿಲ್ಲದ ಕೂಲಿಯವನ ಗುಡಿಸಲ ಮುಂದೆಯೂ ಒಂದು ಎಮ್ಮೆಯುಂಟು.

ಇಂಥ ನಾಡಿನಲ್ಲಿ, ಆಣಂದ ಪಟ್ಟಣದಲ್ಲಿ, ಸನ್ ೧೯೦೩ನೇ ಇಸವಿಯ ಅಕ್ಟೋಬರ ೨೨ರಂದು ತ್ರಿಭುವನದಾಸರು ಜನಿಸಿದರು. ಖೇಡಾ ಸತ್ಯಾಗ್ರಹದ ಗಾಳಿಯು ಬೀಸಿದಾಗ ಅವರಿನ್ನೂ ಹದಿನಾಲ್ಕು ವರುಷದ ಬಾಲಕರು. ಆ ವಯಸ್ಸಿನಲ್ಲಿ ಕಂಡದ್ದು ಕೇಳಿದ್ದು ಮನಸ್ಸಿನಲ್ಲಿ ಆಳವಾಗಿ ಬೇರೂರುವದು ಸ್ವಾಭಾವಿಕ. ಪ್ರಾಯಕ್ಕೆ ಬಂದ ಮೇಲೆ ಅವರು ಗಾಂಧೀಜಿಯವರ ಮತ್ತು ಸರದಾರ ಪಟೇಲರ ಅನುಯಾಯಿಗಳಾಗಿ ಸ್ವಾತಂತ್ರ್ಯದ ಹೋರಾಟಕ್ಕೆ ಧುಮುಕಿದರು. ೧೯೩೦, ೧೯೩೫ ಮತ್ತು ೧೯೪೨, ಹೀಗೆ ಮೂರು ಸಾರೆ ಸೆರೆಮನೆಯನ್ನು ಕಂಡರು. ಆದರೂ ಅವರು ಸಂಸಾರವನ್ನು ತೊರೆದು ಲೋಕಸೇವೆಗೆ ಹೊರಟವರಲ್ಲ. ಹೆಂಡಿರು ಮಕ್ಕಳೊಡನೆ ಬಾಳಿದ ಗೃಹಸ್ಥರು. ಮನೆಯೆಂದರೇನು, ಮನೆಯ ಖರ್ಚೆಂದರೇನು, ಮಳೆ ಹೋದ ವರುಷ ಒಲೆ ಉರಿಯುವದು ಎಷ್ಟು ಕಷ್ಟವೆಂಬದನ್ನು ಬಲ್ಲವರು. ಮುಂದೆ ಅವರು ಕೈಕೊಂಡ ಕಾರ್ಯಕ್ಕೆ ಈ ತಿಳಿವಳಿಕೆಯೇ ಅಡಿಗಲ್ಲಾಯಿತು.

ಒಕ್ಕಲು ಮನೆಯಲ್ಲಿ ಹೈನಿನ ಸ್ಥಾನವು ಎಂಥದೆಂಬದನ್ನು ಬಲ್ಲವರಿಗೆ ವಿವರಿಸಬೇಕಾದದ್ದಿಲ್ಲ. ಬೆಳೆಯ ಹಣವು ವರುಷಕ್ಕೊಮ್ಮೆ ಬರುವಂಥದು. ಬಂದ ದಿನವೇ ಸಾಲಗಾರನ ಮನೆಗೆ ಹೋಗುವಂಥದು. ಹಾಲಿನ ಹಣವಾದರೋ ದಿನದಿನವೂ ಬರುವಂಥದು. ಉಪ್ಪು, ಎಣ್ಣೆ, ಮಕ್ಕಳ ಅಂಗಿ, ಕಾಹಿಲೆಯವರ ಔಷಧ, ಇವೆಲ್ಲ ಅದರಿಂದಲೇ ನಡೆಯತಕ್ಕವು. ಎಮ್ಮೆಗೆ ಹುಲ್ಲು ಹಾಕುವದು, ಸೆಗಣಿ ಬಾಚುವದು, ಹಿಂಡಿ ಕಲಸುವದು, ಈ ಕೆಲಸಗಳಲ್ಲಿ ಬಹುಭಾಗವು ಹೆಂಗಸರದು. ಆದದ್ದರಿಂದ ಹಾಲಿನ ದರದಲ್ಲಿ ಕಡಿಮೆಯಾದ ಒಂದೊಂದು ಕಾಸೂ ಆ ಮನೆಯ ಹೆಂಗಸಿನ ಬೆವರಿನಿಂದ ಕಡಿಮೆಯಾದಂತೆಯೇ ಸರಿ.

ಹಾಲನ್ನು ಮಾರುವವನಿಗೆ ಇನ್ನೊಂದು ದೌರ್ಬಲ್ಯವುಂಟು. ಜೋಳವನ್ನು ಹಗೇವಿನಲ್ಲಿಟ್ಟು ಒಳ್ಳೆಯ ದರ ಬರುವ ತನಕ ಕಾಯಬಹುದು. ಅರಳೆಯನ್ನು ಅಟ್ಟದ ಮೇಲಿಟ್ಟು ಕಾಯಬಹುದು. ಹಾಲು ಕಾಯಲಾರದು. ಕರೆದ ಕೆಲವು ತಾಸುಗಳಲ್ಲಿಯೇ ಅದು ಒಡೆದು ಹೋಗುವದು. ಕೊಳ್ಳುವವನಿಗೆ ಅವಸರವಿಲ್ಲ, ಮಾರುವವನಿಗೆ ತಡೆಯುವ ಶಕ್ತಿಯಿಲ್ಲ. ಹೀಗಿದ್ದಲ್ಲಿ ದರವನ್ನು ಕಟ್ಟುವವನು ಕೊಳ್ಳುವವನೇ ಹೊರತು ಎಮ್ಮೆಯ ಒಡೆಯನಲ್ಲ. ಖೇಡಾ ಜಿಲ್ಲೆಯ ಹಾಲಿನ ವ್ಯಾಪಾರವೆಲ್ಲ ಹೀಗೆ ಗುತ್ತಿಗೆದಾರರ ಮತ್ತು ದಲ್ಲಾಳಿಗಳ ಕೈಯಲ್ಲಿತ್ತು.

ಸನ್ ೧೯೪೫ನೇ ಇಸವಿಯಲ್ಲಿ ಮುಂಬಯಿ ಸರಕಾರವು ಆ ಮಹಾನಗರಕ್ಕೆ ಶುದ್ಧವಾದ ಹಾಲನ್ನು ಒದಗಿಸುವ ಯೋಜನೆಯನ್ನು ಕೈಕೊಂಡಿತು. ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ ಆಣಂದದಿಂದ ಹಾಲನ್ನು ಕಾಯಿಸಿ, ತಂಪುಗೊಳಿಸಿ, ರೈಲಿನಲ್ಲಿ ಮುಂಬಯಿಗೆ ಸಾಗಿಸಬೇಕೆಂದು ಗೊತ್ತಾಯಿತು. ಈ ಕೆಲಸವು ಆಣಂದದಲ್ಲಿ ಮೊದಲೇ ಬೆಣ್ಣೆಯ ಕಾರಖಾನೆಯನ್ನು ಇಟ್ಟಿದ್ದ ಪೋಲ್ಸನ್ ಕಂಪನಿಗೆ ಒಪ್ಪಿತವಾಯಿತು. ಸರಕಾರಕ್ಕೂ ಕಂಪನಿಗೂ ದರದ ಒಪ್ಪಂದವಾಯಿತು. ಕಂಪನಿಗೂ ಗುತ್ತಿಗೆದಾರರಿಗೂ ಒಪ್ಪಂದವಾಯಿತು. ಆದರೆ ಹಾಲನ್ನು ಕರೆಯುವ ಒಕ್ಕಲಿಗನೊಡನೆ ಮಾತ್ರ ಯಾರೂ ಒಪ್ಪಂದ ಮಾಡಿಕೊಳ್ಳಲಿಲ್ಲ. ಮುಂಬಯಿಯವರು ಕೊಟ್ಟ ಬೆಲೆಗೂ ಹಳ್ಳಿಗೆ ಬಂದು ಮುಟ್ಟಿದ ಬೆಲೆಗೂ ನಡುವಿನ ಅಂತರವು ದಾರಿಯಲ್ಲಿಯೇ ಕರಗುತ್ತಿತ್ತು.

ಈ ಅಸಮಾಧಾನವನ್ನು ಹೊತ್ತುಕೊಂಡು ಖೇಡಾದ ರೈತರು ಸರದಾರ ಪಟೇಲರ ಬಳಿಗೆ ಹೋದರು. ಸರದಾರರು ೧೯೪೨ರಲ್ಲಿಯೇ ಕೊಟ್ಟಿದ್ದ ಸಲಹೆಯನ್ನು ಮತ್ತೆ ಕೊಟ್ಟರು: ರೈತರು ತಮ್ಮದೇ ಸಹಕಾರಿ ಸಂಘವನ್ನು ಕಟ್ಟಿಕೊಂಡು, ಹಾಲನ್ನು ಕಾಯಿಸುವ ಯಂತ್ರವನ್ನು ತಾವೇ ಇಟ್ಟುಕೊಂಡು, ತಾವೇ ಮಾರಬೇಕು; ಸರಕಾರವು ಒಪ್ಪದಿದ್ದರೆ ಗುತ್ತಿಗೆದಾರರಿಗೆ ಹಾಲು ಕೊಡುವದನ್ನು ನಿಲ್ಲಿಸಬೇಕು; ಅದರಿಂದ ಕೆಲವು ದಿನ ಹಾನಿಯಾಗುವದು ನಿಶ್ಚಯ, ಆ ಹಾನಿಯನ್ನು ತಡೆದುಕೊಳ್ಳುವ ಧೈರ್ಯವಿದ್ದರೆ ಮಾತ್ರ ಈ ದಾರಿಯನ್ನು ಹಿಡಿಯಬೇಕು. ರೈತರು ಒಪ್ಪಿದರು. ಸರದಾರರು ಶ್ರೀ ಮೊರಾರ್ಜಿ ದೇಸಾಯಿಯವರನ್ನು ಖೇಡಾಕ್ಕೆ ಕಳಿಸಿದರು. ಸನ್ ೧೯೪೬ನೇ ಇಸವಿಯ ಜನವರಿ ೪ರಂದು ಸಮರಖಾ ಎಂಬ ಗ್ರಾಮದಲ್ಲಿ ಸಭೆಯು ಕೂಡಿತು. ಪ್ರತಿಯೊಂದು ಹಳ್ಳಿಯಲ್ಲಿ ಹಾಲಿನ ಸಹಕಾರಿ ಸಂಘವಾಗಬೇಕು; ಆ ಸಂಘಗಳೆಲ್ಲ ಸೇರಿ ಜಿಲ್ಲೆಗೊಂದು ಒಕ್ಕೂಟವಾಗಬೇಕು; ಸರಕಾರವು ಆ ಒಕ್ಕೂಟದಿಂದಲೇ ಹಾಲನ್ನು ಕೊಳ್ಳಬೇಕು; ಕೊಳ್ಳದಿದ್ದರೆ ಯಾವ ಗುತ್ತಿಗೆದಾರನಿಗೂ ಹಾಲಿಲ್ಲ, ಎಂದು ಗೊತ್ತುಮಾಡಲಾಯಿತು.

ಸಭೆಯಲ್ಲಿ ಗೊತ್ತುವಳಿ ಮಾಡುವದು ಸುಲಭ. ಹಳ್ಳಿಹಳ್ಳಿಗೆ ತಿರುಗಿ ಅದನ್ನು ನಡೆಸಿ ತೋರಿಸುವದು ಕಠಿಣ. ಆ ಕಠಿಣವಾದ ಕೆಲಸವು ತ್ರಿಭುವನದಾಸರ ಪಾಲಿಗೆ ಬಂದಿತು. ಸರಕಾರವು ರೈತರ ಬೇಡಿಕೆಯನ್ನು ತಳ್ಳಿಹಾಕಿತು. ಆಗ ಖೇಡಾದ ಹೈನುಗಾರರು ಹದಿನೈದು ದಿನಗಳ ವರೆಗೆ ವ್ಯಾಪಾರಿಗಳಿಗೆ ಒಂದು ಹನಿ ಹಾಲನ್ನೂ ಮಾರಲಿಲ್ಲ. ಕರೆದ ಹಾಲನ್ನು ಮಾರದೆ ನೆಲಕ್ಕೆ ಚೆಲ್ಲಿದವರೂ ಉಂಟು. ದಿನದ ಖರ್ಚಿಗೆ ಹಾಲನ್ನೇ ನಂಬಿದ ಮನೆಯವರು ಹದಿನೈದು ದಿನ ಹೀಗೆ ನಿಲ್ಲಬೇಕಾದರೆ ಅದರ ಹಿಂದೆ ಎಷ್ಟು ಜನ ತಾಯಂದಿರ ಒಪ್ಪಿಗೆಯಿರಬೇಕೆಂಬದನ್ನು ವಿಚಾರವಂತರು ಊಹಿಸಬಹುದು. ಮುಂಬಯಿಗೆ ಹಾಲು ಹೋಗುವದು ನಿಂತಿತು. ಯೋಜನೆಯು ಕುಸಿಯುವ ಹಂತಕ್ಕೆ ಬಂದಿತು. ಕಡೆಗೆ ಮುಂಬಯಿಯ ಹಾಲಿನ ಅಧಿಕಾರಿಗಳು ತಾವೇ ಆಣಂದಕ್ಕೆ ಬಂದು ಸ್ಥಿತಿಯನ್ನು ನೋಡಿ ರೈತರ ಬೇಡಿಕೆಗೆ ಮನ್ನಣೆ ಕೊಟ್ಟರು.

ಹೀಗೆ ಸನ್ ೧೯೪೬ನೇ ಇಸವಿಯ ಡಿಸೆಂಬರ ೧೪ರಂದು ಖೇಡಾ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಸಂಘವು ವಿಧಿಪೂರ್ವಕವಾಗಿ ನೋಂದಣಿಯಾಯಿತು. ತ್ರಿಭುವನದಾಸರು ಅದರ ಅಧ್ಯಕ್ಷರಾದರು. ಆಗ ಖೇಡಾ ಜಿಲ್ಲೆಯೂ ಕನ್ನಡಿಗರ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವೆಂಬದು ಇಲ್ಲಿ ನೆನೆಯತಕ್ಕ ಸಂಗತಿ. ಆ ಪ್ರಾಂತದಲ್ಲಿ ಸಹಕಾರ ತತ್ತ್ವದ ಮೊದಲ ಬೀಜವು ಕನ್ನಡದ ನೆಲದಲ್ಲಿಯೇ ಬಿದ್ದಿತ್ತು. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಪಾಟೀಲರ ಮುಂದಾಳುತನದಿಂದ ಒಕ್ಕಲಿಗರ ಸಹಕಾರಿ ಪತ್ತಿನ ಸಂಘವು ಸ್ಥಾಪಿತವಾಗಿತ್ತು. ಕಣಗಿನಹಾಳದವರು ಸಾಲಗಾರನ ಬಡ್ಡಿಯಿಂದ ಒಕ್ಕಲಿಗನನ್ನು ಬಿಡಿಸಲು ಹೊರಟರು. ಖೇಡಾದವರು ದಲ್ಲಾಳಿಯ ದರದಿಂದ ಬಿಡಿಸಲು ಹೊರಟರು. ಬೇನೆ ಬೇರೆಯಾದರೂ ಮದ್ದು ಒಂದೇ.

ಆರಂಭವು ಅತಿ ಅಲ್ಪವಾಗಿತ್ತು. ೧೯೪೮ರ ಜೂನಿನಲ್ಲಿ ಸಂಘವು ಮುಂಬಯಿಗೆ ಹಾಲನ್ನು ಕಾಯಿಸಿ ಕಳಿಸಲು ತೊಡಗಿದಾಗ ಎರಡು ಹಳ್ಳಿಗಳ ಸಂಘಗಳಿಂದ ದಿನಕ್ಕೆ ಸುಮಾರು ೨೫೦ ಲೀಟರ ಹಾಲು ಬರುತ್ತಿತ್ತು. ಆ ವರುಷದ ಕೊನೆಗೆ ೪೩೨ ಜನ ಹೈನುಗಾರರು ಸೇರಿದ್ದರು. ಸಂಘದ ಕಟ್ಟಳೆಗಳು ಸರಳವಾದವು. ಹಾಲು ಮಾರುವ ಹೈನುಳ್ಳವನು ಯಾವ ಜಾತಿಯವನಾದರೂ ಸರಿ, ಹೊಲವುಳ್ಳವನಾದರೂ ಇಲ್ಲದವನಾದರೂ ಸರಿ, ಪಾಲು ಕೊಂಡು ಸದಸ್ಯನಾಗಬಹುದು. ಹತ್ತು ಎಮ್ಮೆಯವನಿಗೂ ಒಂದೇ ಮತ, ಒಂದು ಎಮ್ಮೆಯವನಿಗೂ ಒಂದೇ ಮತ. ಮುಂಜಾನೆ ಸಂಜೆ ಎರಡು ಹೊತ್ತು ಹಾಲನ್ನು ಅಳೆದು, ಅದರಲ್ಲಿಯ ಜಿಡ್ಡನ್ನು ಎಲ್ಲರ ಕಣ್ಮುಂದೆ ಪರೀಕ್ಷಿಸಿ, ಅದಕ್ಕೆ ತಕ್ಕ ಬೆಲೆಯನ್ನು ಕೊಡತಕ್ಕದ್ದು. ಮುಂಜಾನೆಯ ಹಾಲಿನ ಹಣವು ಸಂಜೆಗೆ, ಸಂಜೆಯ ಹಾಲಿನ ಹಣವು ಮರುದಿನ ಮುಂಜಾನೆಗೆ ಕೈಗೆ ಬರತಕ್ಕದ್ದು. ನೀರು ಬೆರೆಸಿದವನಿಗೆ ಪರೀಕ್ಷೆಯೇ ಉತ್ತರ ಹೇಳುತ್ತಿತ್ತು. ಪ್ರಾಮಾಣಿಕನಿಗೆ ಯಾರ ಮುಂದೆಯೂ ಕೈಯೊಡ್ಡುವ ಕಾರಣವಿರಲಿಲ್ಲ.

ಆದರೆ ಸಂಘದ ಬಳಿಯಿದ್ದ ಯಂತ್ರಗಳು ಹಳೆಯವು. ಇವತ್ತು ನಡೆದದ್ದು ನಾಳೆ ನಿಲ್ಲುವದು. ಯಂತ್ರ ನಿಂತರೆ ಹಾಲು ಒಡೆಯುವದು. ಹಾಲು ಒಡೆದರೆ ಜನರ ನಂಬಿಗೆ ಒಡೆಯುವದು. ಈ ಸಂಕಟದಲ್ಲಿ ತ್ರಿಭುವನದಾಸರ ಕಣ್ಣು ಒಬ್ಬ ತರುಣನ ಮೇಲೆ ಬಿದ್ದಿತು. ಕೇರಳದ ಕೋಳಿಕೋಡಿನಲ್ಲಿ ೧೯೨೧ರಲ್ಲಿ ಹುಟ್ಟಿದ ವರ್ಗೀಸ ಕುರಿಯನ್ನರು ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು, ಬೆಂಗಳೂರಿನ ಹೈನುವಿದ್ಯೆಯ ಸಂಸ್ಥೆಯಲ್ಲಿ ಕೆಲಕಾಲ ತರಬೇತಾಗಿ, ಅಮೇರಿಕೆಯಲ್ಲಿ ಓದಿ ಬಂದವರು. ಆ ಋಣವನ್ನು ತೀರಿಸುವದಕ್ಕಾಗಿ ೧೯೪೯ರ ಮೇ ೧೩ರಂದು ಆಣಂದದ ಸರಕಾರಿ ಕ್ರೀಮರಿಯ ಕೆಲಸಕ್ಕೆ ಒಲ್ಲದ ಮನಸ್ಸಿನಿಂದ ಬಂದಿದ್ದರು. ಗುಜರಾತಿ ಭಾಷೆಯು ಅವರಿಗೆ ಬಾರದು, ಹಾಲು ಕುಡಿಯುವದು ಅವರಿಗೆ ಸೇರದು, ಧರ್ಮದಿಂದ ಕ್ರೈಸ್ತರು. ಆ ಪಟ್ಟಣದಲ್ಲಿ ಅವರಿಗೆ ಇರುವದಕ್ಕೆ ಮನೆ ಸಿಕ್ಕುವದೂ ಕಷ್ಟವಾಗಿತ್ತು. ದಿನಗಳನ್ನೆಣಿಸುತ್ತಿದ್ದ ಈ ತರುಣನು ತ್ರಿಭುವನದಾಸರ ಮಾತಿಗಾಗಿ ಸಂಘದ ಯಂತ್ರಗಳನ್ನು ಆಗಾಗ್ಗೆ ಸರಿಪಡಿಸಿ ಕೊಡುತ್ತಿದ್ದನು. ಒಂದು ದಿನ ಆತನು, ಈ ಹಳೆಯ ಯಂತ್ರಗಳ ಗೊಡವೆ ಬಿಟ್ಟು ಹೊಸದನ್ನು ತರಿಸಬೇಕೆಂದು ಹೇಳಿದಾಗ ತ್ರಿಭುವನದಾಸರು ಹಿಂಜರಿಯದೆ ಹಣವನ್ನು ಹೊಂದಿಸಿ ಕೊಟ್ಟರು. ಸರಕಾರಿ ಕೆಲಸದಿಂದ ಬಿಡುಗಡೆಯಾಗಿ ಕುರಿಯನ್ನರು ಹೊರಡಲು ಸಿದ್ಧರಾದಾಗ ಅವರನ್ನು ತಡೆದು, ಸಂಘದ ವ್ಯವಸ್ಥಾಪಕರಾಗಿ ನಿಲ್ಲಿಸಿಕೊಂಡರು. ಇದು ೧೯೫೦ರ ಆರಂಭದ ಮಾತು.

ಇಲ್ಲಿಯೇ ತ್ರಿಭುವನದಾಸರ ದೊಡ್ಡತನವು ಎದ್ದು ಕಾಣುವದು. ಜಾತಿಯಿಂದ, ಮತದಿಂದ, ಭಾಷೆಯಿಂದ ಹೊರಗಿನವನಾದ ಒಬ್ಬ ತರುಣನ ಕೈಗೆ ತಾವು ಕಟ್ಟಿದ ಸಂಘದ ಕಾರಭಾರವನ್ನು ಅವರು ಒಪ್ಪಿಸಿದರು. ಒಪ್ಪಿಸಿದ ಮೇಲೆ ಅದರಲ್ಲಿ ಕೈಹಾಕಲಿಲ್ಲ. ರೈತರೊಡನೆ ಮಾತನಾಡುವದು, ಹಳ್ಳಿಯ ಜಗಳಗಳನ್ನು ಬಗೆಹರಿಸುವದು, ರಾಜಕಾರಣಿಗಳ ಒತ್ತಡವನ್ನು ತಮ್ಮ ಎದೆಯ ಮೇಲೆ ತೆಗೆದುಕೊಳ್ಳುವದು, ಇವು ಅಧ್ಯಕ್ಷರ ಕೆಲಸ. ಯಂತ್ರ, ಲೆಕ್ಕ, ನೌಕರರು, ಮಾರಾಟ, ಇವು ವ್ಯವಸ್ಥಾಪಕರ ಕೆಲಸ. ಈ ಗಡಿಯನ್ನು ಅವರು ಕಾಲು ಶತಮಾನ ಮೀರಲಿಲ್ಲ. ತಾವು ಆಣಂದದಲ್ಲಿ ನಿಂತದ್ದಕ್ಕೆ ತ್ರಿಭುವನದಾಸರ ಪ್ರಾಮಾಣಿಕತೆಯೇ ಕಾರಣವೆಂದು ಕುರಿಯನ್ನರು ಮುಂದೆ ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾರೆ. ಹಿರಿಯನು ಕಿರಿಯನನ್ನು ನಂಬಿದನು; ಕಿರಿಯನು ಆ ನಂಬಿಗೆಗೆ ತಕ್ಕವನಾದನು. ಸಂಸ್ಥೆಗಳ ಇತಿಹಾಸದಲ್ಲಿ ಈ ಎರಡೂ ಒಂದೆಡೆಗೆ ಕೂಡಿಬರುವದು ಅಪರೂಪ.

ಸಂಘವು ಬೆಳೆದಂತೆ ಹೊಸದೊಂದು ತೊಡಕು ಹುಟ್ಟಿತು. ಚಳಿಗಾಲದಲ್ಲಿ ಎಮ್ಮೆಗಳು ಬೇಸಿಗೆಯ ಎರಡು ಪಟ್ಟಿಗೂ ಮಿಕ್ಕಿ ಹಾಲು ಕೊಡುವವು. ಮುಂಬಯಿಗೆ ಅಷ್ಟು ಹಾಲು ಬೇಡ. ಹೆಚ್ಚಾದ ಹಾಲನ್ನು ಸಂಘವು ಕೊಳ್ಳದೆ ಹೋದರೆ ರೈತನು ಮತ್ತೆ ದಲ್ಲಾಳಿಯ ಬಾಗಿಲಿಗೆ ಹೋಗಬೇಕು. ಹಾಲನ್ನು ಪುಡಿ ಮಾಡಿ ಇಡುವದೊಂದೇ ಉಪಾಯ. ಆದರೆ ಎಮ್ಮೆಯ ಹಾಲಿನಲ್ಲಿ ಜಿಡ್ಡು ಹೆಚ್ಚಾದದ್ದರಿಂದ ಅದನ್ನು ಪುಡಿ ಮಾಡುವದು ಅಸಾಧ್ಯವೆಂದು ಪರದೇಶದ ತಜ್ಞರು ಹೇಳುತ್ತಿದ್ದರು. ಕುರಿಯನ್ನರ ಸಹಪಾಠಿಗಳಾದ ಶ್ರೀ ಎಚ್. ಎಮ್. ದಲಾಯಾ ಅವರು ಅದು ಸಾಧ್ಯವೆಂದು ಮಾಡಿ ತೋರಿಸಿದರು. ಯುನಿಸೆಫ್ ಸಂಸ್ಥೆಯ ಮತ್ತು ನ್ಯೂಜಿಲಂಡ ಸರಕಾರದ ನೆರವಿನಿಂದ ಆಣಂದದಲ್ಲಿ ದೊಡ್ಡ ಕಾರಖಾನೆಯು ನಿಂತಿತು. ಅದಕ್ಕೆ ೧೯೫೪ರ ನವೆಂಬರ ೧೫ರಂದು ರಾಷ್ಟ್ರಾಧ್ಯಕ್ಷ ಬಾಬು ರಾಜೇಂದ್ರಪ್ರಸಾದರು ಅಡಿಗಲ್ಲನ್ನಿಟ್ಟರು. ೧೯೫೫ರ ಅಕ್ಟೋಬರ ೩೧ರಂದು, ಸರದಾರರ ಜನ್ಮದಿನದಲ್ಲಿ, ಪಂಡಿತ ಜವಾಹರಲಾಲ ನೆಹರೂ ಅವರು ಅದನ್ನು ಉದ್ಘಾಟಿಸಿದರು. ಎಮ್ಮೆಯ ಹಾಲಿನ ಪುಡಿಯು ಜಗತ್ತಿನಲ್ಲಿಯೇ ಮೊದಲು ಇಲ್ಲಿ ತಯಾರಾಯಿತು. ಸಂಸ್ಕೃತದ 'ಅಮೂಲ್ಯ' ಶಬ್ದದಿಂದ ಬಂದ ಅಮೂಲ್ ಎಂಬ ಹೆಸರು ಈ ಕಾರಖಾನೆಯ ಪದಾರ್ಥಗಳ ಮೇಲೆ ಮೂಡಿ ಲೋಕಪ್ರಸಿದ್ಧವಾಯಿತು.

ಮನ್ನಣೆಗಳು ತಾವಾಗಿ ಬಂದವು. ೧೯೬೩ರಲ್ಲಿ ತ್ರಿಭುವನದಾಸರಿಗೂ, ಕುರಿಯನ್ನರಿಗೂ, ಮುಂಬಯಿಯ ಹಾಲಿನ ಯೋಜನೆಯನ್ನು ನಡೆಸಿದ ಶ್ರೀ ದಾರಾ ಖುರೋಡಿಯವರಿಗೂ ಕೂಡಿಯೇ ರೇಮನ್ ಮ್ಯಾಗಸೇಸೇ ಪಾರಿತೋಷಕವು ದೊರೆಯಿತು. ೧೯೬೪ರಲ್ಲಿ ಭಾರತ ಸರಕಾರವು ತ್ರಿಭುವನದಾಸರಿಗೆ ಪದ್ಮಭೂಷಣ ಪದವಿಯನ್ನಿತ್ತಿತು. ಅದೇ ವರುಷ ಅಕ್ಟೋಬರದ ಕೊನೆಗೆ ಪ್ರಧಾನಮಂತ್ರಿ ಶ್ರೀ ಲಾಲಬಹಾದ್ದೂರ ಶಾಸ್ತ್ರಿಗಳು ಆಣಂದಕ್ಕೆ ಬಂದು, ಅಜರಪುರಾ ಎಂಬ ಹಳ್ಳಿಯಲ್ಲಿ ಒಂದು ರಾತ್ರಿ ಒಕ್ಕಲಿಗರ ನಡುವೆ ಉಳಿದು, ಅವರ ಸುಖದುಃಖವನ್ನು ಕೇಳಿ ತಿಳಿದರು. ಖೇಡಾದ ಮಣ್ಣು, ಖೇಡಾದ ಎಮ್ಮೆ, ಖೇಡಾದ ಮಳೆ ಇವು ದೇಶದ ಉಳಿದ ಭಾಗಗಳಿಗಿಂತ ವಿಶೇಷವಾದವಲ್ಲ. ಹೈನಿನ ಒಡೆಯರೇ ಸಂಘದ ಒಡೆಯರಾದದ್ದೊಂದೇ ಇಲ್ಲಿಯ ವಿಶೇಷವೆಂದು ಕಂಡುಕೊಂಡರು. ಅದರ ಫಲವಾಗಿ ೧೯೬೫ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಲಿಯು ಆಣಂದದಲ್ಲಿಯೇ ಸ್ಥಾಪಿತವಾಯಿತು. ತ್ರಿಭುವನದಾಸರು ೧೯೬೭ರಿಂದ ೧೯೭೪ರ ವರೆಗೆ ರಾಜ್ಯಸಭೆಯ ಸದಸ್ಯರೂ ಆಗಿದ್ದರು.

ಆದರೆ ಪದವಿ ಪಾರಿತೋಷಕಗಳಿಗಿಂತ ಹೆಚ್ಚಿನ ಒಂದು ಬದಲಾವಣೆಯು ಹಳ್ಳಿಗಳಲ್ಲಿ ಸದ್ದಿಲ್ಲದೆ ನಡೆದಿತ್ತು. ಮುಂಜಾನೆ ಸಂಜೆ ಹಾಲಿನ ಸಂಘದ ಮುಂದೆ ಪಾತ್ರೆ ಹಿಡಿದುಕೊಂಡು ಜನರು ಸಾಲಾಗಿ ನಿಲ್ಲುತ್ತಿದ್ದರು. ಮೊದಲು ಬಂದವನು ಮುಂದೆ, ತಡವಾಗಿ ಬಂದವನು ಹಿಂದೆ. ಆ ಸಾಲಿನಲ್ಲಿ ಪಾಟೀದಾರನ ಹಿಂದೆ ಕೂಲಿಯವನು, ಕೂಲಿಯವನ ಹಿಂದೆ ಗೌಡ. ಎಲ್ಲರ ಹಾಲೂ ಒಂದೇ ಕ್ಯಾನಿಗೆ. ಊರಲ್ಲಿ ಒಬ್ಬರ ನೆರಳನ್ನು ಒಬ್ಬರು ತಪ್ಪಿಸುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಇದರಿಂದ ಭೇದಗಳೆಲ್ಲ ಅಳಿದವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಹೊಲವುಳ್ಳವನಿಗೆ ಮೇವು ಸ್ವಂತದ್ದು, ಇಲ್ಲದವನು ಅದನ್ನು ಕೊಳ್ಳಬೇಕು. ಲಾಭದಲ್ಲಿ ತಾರತಮ್ಯವು ಉಳಿದೇ ಇತ್ತು. ಆದರೆ ಅಳತೆ ಒಂದೇ, ದರ ಒಂದೇ, ಸಾಲು ಒಂದೇ ಎಂಬಷ್ಟು ನ್ಯಾಯವು ಆ ಬಾಗಿಲಲ್ಲಿ ಎಲ್ಲರಿಗೂ ದೊರೆಯಿತು.

ಹೀಗೆ ಸಂಘವು ಹುಲುಸಾಗಿ ಬೆಳೆದು, ಯಾರ ಅಡ್ಡಿಯೂ ಇಲ್ಲದೆ ಅಧ್ಯಕ್ಷಸ್ಥಾನವು ಕೈಯಲ್ಲಿದ್ದಾಗ, ಸುಮಾರು ಎಪ್ಪತ್ತರ ವಯಸ್ಸಿನಲ್ಲಿ, ತ್ರಿಭುವನದಾಸರು ತಾವಾಗಿಯೇ ಆ ಸ್ಥಾನವನ್ನು ಬಿಟ್ಟು ನಿವೃತ್ತರಾದರು. ಅವರನ್ನು ಬೀಳ್ಕೊಡುವಾಗ ಹಳ್ಳಿಹಳ್ಳಿಯ ಸದಸ್ಯರು ತಲೆಗೆ ಒಂದೊಂದು ರೂಪಾಯಿಯಂತೆ ಕೂಡಿಸಿ ಒಂದು ನಿಧಿಯನ್ನು ಅವರಿಗೆ ಅರ್ಪಿಸಿದರು. ಒಬ್ಬ ಶ್ರೀಮಂತನು ಲಕ್ಷ ರೂಪಾಯಿ ಕೊಡುವದಕ್ಕೂ ಲಕ್ಷಗಟ್ಟಲೆ ಬಡವರು ಒಂದೊಂದು ರೂಪಾಯಿ ಕೊಡುವದಕ್ಕೂ ಬಹಳ ಅಂತರವುಂಟು. ಒಂದು ಎಮ್ಮೆಯ ಮೇಲೆ ಬಾಳುವೆ ಮಾಡುವ ಮುದುಕಿಯ ರೂಪಾಯಿಯೂ ಆ ನಿಧಿಯಲ್ಲಿದ್ದಿರಬೇಕು. ಆ ನಿಧಿಯನ್ನು ಮುಪ್ಪಿನ ಕಾಲಕ್ಕೆ ಇಟ್ಟುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಸಂಸಾರಿಗಳಾದವರಿಗೆ ಅದು ಸಹಜವೂ ಹೌದು.

ತ್ರಿಭುವನದಾಸರು ಬೇರೆ ಲೆಕ್ಕ ಹಾಕಿದರು. ಸಂಘವು ಎಮ್ಮೆಗಳ ಯೋಗಕ್ಷೇಮವನ್ನು ಚೆನ್ನಾಗಿ ನೋಡಿಕೊಳ್ಳುತ್ತಿತ್ತು. ಎಮ್ಮೆಗೆ ಬೇನೆಯಾದರೆ ಹೇಳಿ ಕಳಿಸಿದ ಕೂಡಲೆ ಪಶುವೈದ್ಯನು ಗಾಡಿಯಲ್ಲಿ ಹಳ್ಳಿಗೆ ಬರುತ್ತಿದ್ದನು. ಎಮ್ಮೆಗೆ ಪೌಷ್ಟಿಕವಾದ ಹಿಂಡಿಯನ್ನು ಒದಗಿಸುವ ಏರ್ಪಾಡಿತ್ತು. ಕರುವಿನ ತಳಿ ಸುಧಾರಿಸುವ ಏರ್ಪಾಡೂ ಇತ್ತು. ಆದರೆ ಆ ಎಮ್ಮೆಗೆ ಹುಲ್ಲು ಹಾಕುವ ತಾಯಿಗೆ ಹೆರಿಗೆಯ ಬೇನೆ ಬಂದರೆ ಅವಳ ಬಾಗಿಲಿಗೆ ಯಾವ ಗಾಡಿಯೂ ಬರುತ್ತಿರಲಿಲ್ಲ. ಹಾಲನ್ನೆಲ್ಲ ಸಂಘಕ್ಕೆ ಅಳೆದು ಕೊಟ್ಟ ಮನೆಯ ಕೂಸು ಕೃಶವಾಗಿದ್ದರೆ ಅದನ್ನು ನೋಡುವವರು ಯಾರೂ ಇರಲಿಲ್ಲ. ಪಶುವಿಗೆ ದೊರೆತ ಆರೈಕೆಯು ಪಶುವನ್ನು ಸಾಕಿದವಳಿಗೆ ದೊರೆಯದಿದ್ದರೆ ಆ ಏಳಿಗೆಯು ಅರ್ಧವೇ ಆದೀತು. ಆದದ್ದರಿಂದ ಜನರು ಕೊಟ್ಟ ಆ ನಿಧಿಯನ್ನೂ, ಮ್ಯಾಗಸೇಸೇ ಪಾರಿತೋಷಕದಿಂದ ಬಂದ ಹಣವನ್ನೂ ಮೂಲಧನವಾಗಿಟ್ಟು, ೧೯೭೫ರಲ್ಲಿ ತ್ರಿಭುವನದಾಸ ಪ್ರತಿಷ್ಠಾನವೆಂಬ ಧರ್ಮಸಂಸ್ಥೆಯನ್ನು ಸ್ಥಾಪಿಸಿ, ತಾಯಂದಿರ ಮತ್ತು ಶಿಶುಗಳ ಆರೋಗ್ಯರಕ್ಷಣೆಯನ್ನೇ ಅದರ ಮುಖ್ಯ ಕಾರ್ಯವನ್ನಾಗಿ ಮಾಡಿದರು. ಅದರ ಮೊದಲ ಅಧ್ಯಕ್ಷರೂ ಅವರೇ.

ಪ್ರತಿಷ್ಠಾನದ ಕಾರ್ಯವಿಧಾನವು ಹಾಲಿನ ಸಂಘದ ಹೆಜ್ಜೆಯನ್ನೇ ಹಿಡಿದು ನಡೆಯಿತು. ಪ್ರತಿಯೊಂದು ಹಳ್ಳಿಯಿಂದ ಅದೇ ಹಳ್ಳಿಯ ಒಬ್ಬ ಹೆಂಗಸನ್ನು ಆರಿಸಿ, ಆಣಂದದಲ್ಲಿ ಅವಳಿಗೆ ಶಿಕ್ಷಣ ಕೊಟ್ಟು, ಆರೋಗ್ಯ ಸೇವಕಿಯನ್ನಾಗಿ ಮಾಡಿ ಊರಿಗೆ ಕಳಿಸುವದು. ಅವಳ ಗೌರವಧನಕ್ಕೆ ಹಳ್ಳಿಯ ಹಾಲಿನ ಸಂಘವು ಆಸರೆಯಾಗುವದು. ಗರ್ಭಿಣಿಯರನ್ನು ಕಂಡು ಎಚ್ಚರಿಕೆ ಹೇಳುವದು, ಕೂಸುಗಳನ್ನು ತೂಗಿ ನೋಡುವದು, ಅತಿಸಾರ ಮೊದಲಾದ ಸಾಮಾನ್ಯ ರೋಗಗಳಿಗೆ ಉಪಚಾರ ಮಾಡುವದು, ಕಠಿ ಣವಾದದ್ದನ್ನು ವೈದ್ಯರ ಬಳಿಗೆ ಮುಟ್ಟಿಸುವದು, ಇವು ಅವಳ ಕೆಲಸ. ಹಾಲು ಹಳ್ಳಿಯಿಂದ ಪಟ್ಟಣಕ್ಕೆ ಹೋದ ದಾರಿಯಲ್ಲಿಯೇ ಔಷಧವೂ ತಿಳಿವಳಿಕೆಯೂ ಪಟ್ಟಣದಿಂದ ಹಳ್ಳಿಗೆ ಬಂದವು. ಒಂದೊಂದು ರೂಪಾಯಿ ಕೊಟ್ಟ ಮನೆಗಳಿಗೆ ಆ ರೂಪಾಯಿಯು ಕೂಸಿನ ತೂಕವಾಗಿ ಮರಳಿತು.

ನಿವೃತ್ತಿಯೆಂದರೆ ಕೆಲಸವನ್ನು ಬಿಟ್ಟು ಕೂಡ್ರುವದೆಂದು ಲೋಕವು ತಿಳಿಯುವದು. ತ್ರಿಭುವನದಾಸರು ಅಧಿಕಾರವನ್ನು ಬಿಟ್ಟರೇ ಹೊರತು ಕಾಳಜಿಯನ್ನು ಬಿಡಲಿಲ್ಲ. ಅವರು ಹೋದ ಮೇಲೆ ಸಂಘವು ಮುರಿದು ಬೀಳಲಿಲ್ಲ. ಅದು ಇನ್ನಷ್ಟು ಬೆಳೆಯಿತು. ೧೯೭೩ರಲ್ಲಿ ಗುಜರಾತದ ಜಿಲ್ಲಾ ಸಂಘಗಳೆಲ್ಲ ಕೂಡಿ ಒಂದು ಮಹಾಮಂಡಲವನ್ನು ಕಟ್ಟಿಕೊಂಡವು. ೧೯೭೦ರಲ್ಲಿ ಆರಂಭವಾಗಿ ೧೯೯೬ರ ವರೆಗೆ ನಡೆದ ಕ್ಷೀರಧಾರೆಯ ಮಹಾಯೋಜನೆಯು ಆಣಂದದ ಮಾದರಿಯನ್ನು ದೇಶದ ಅನೇಕ ರಾಜ್ಯಗಳಿಗೆ ಒಯ್ದಿತು. ಕನ್ನಡ ನಾಡಿನಲ್ಲಿ ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಹಳ್ಳಿಯ ಹಾಲಿನ ಸಂಘಗಳು ಇದೇ ಮಾದರಿಯಲ್ಲಿ ಹುಟ್ಟತೊಡಗಿದವು. ೧೯೮೪ರಲ್ಲಿ ಅವುಗಳ ಮಹಾಮಂಡಲವು ರೂಪುಗೊಂಡಿತು. 'ನಂದಿನಿ'ಯ ಹಾಲು ಇಂದು ಮನೆಮನೆಗೆ ಬರುವದರ ಹಿಂದೆ, ಸಮರಖಾದ ಸಭೆಯೂ ಹದಿನೈದು ದಿನ ಹಾಲನ್ನು ಮಾರದೆ ನಿಂತ ಖೇಡಾದ ಮನೆಗಳೂ ಇವೆಯೆಂಬದನ್ನು ಈ ನಾಡಿನ ಹೈನುಗಾರರು ಮರೆಯತಕ್ಕದ್ದಲ್ಲ. ೧೯೯೮ರ ಸುಮಾರಿಗೆ ಭಾರತವು ಹಾಲಿನ ಉತ್ಪನ್ನದಲ್ಲಿ ಜಗತ್ತಿಗೆ ಮೊದಲನೆಯದಾಯಿತು. ತ್ರಿಭುವನದಾಸರು ಅದನ್ನು ಕಾಣಲಿಲ್ಲ. ೧೯೯೪ನೇ ಇಸವಿಯ ಜೂನ ೩ರಂದು, ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ, ಅವರು ಕಾಲವಶರಾದರು.

೧೯೯೭ರಲ್ಲಿ ಆಣಂದವು ಖೇಡಾದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ೨೦೨೫ರಲ್ಲಿ ಅದೇ ಆಣಂದದಲ್ಲಿ ಸಹಕಾರ ವಿದ್ಯೆಗಾಗಿ ಸಂಸತ್ತಿನ ಕಾಯದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ತ್ರಿಭುವನರ ಹೆಸರನ್ನೇ ಇಡಲಾಯಿತು. ಬದುಕಿದ್ದಾಗ ಇನ್ನೊಬ್ಬರ ಕೀರ್ತಿಯ ಹಿಂದೆ ಸಂತೋಷದಿಂದ ನಿಂತವರ ಹೆಸರು ಹೀಗೆ ತಡವಾಗಿಯಾದರೂ ಮುಂದಕ್ಕೆ ಬಂದದ್ದು ಯೋಗ್ಯವೇ ಆಯಿತು.

ಹಿರಿಯರ ಸ್ಮರಣೆಯು ಬರಿಯ ಹೊಗಳಿಕೆಯಲ್ಲಿ ಮುಗಿಯಬಾರದು. ಅವರ ನಡತೆಯಿಂದ ತಮ್ಮ ಕೆಲಸಕ್ಕೆ ಏನು ಬೆಳಕು ದೊರೆಯುವದೆಂಬದನ್ನು ಪ್ರತಿಯೊಬ್ಬರೂ ನೋಡಿಕೊಳ್ಳತಕ್ಕದ್ದು. ತ್ರಿಭುವನದಾಸರು ಕಲಿಸಿದ್ದು ಮೂರು ಮಾತುಗಳಲ್ಲಿ ಅಡಗಿದೆ. ದುಡಿದವನಿಗೆ ದುಡಿಮೆಯ ಪೂರ್ಣಫಲವು ಮುಟ್ಟಬೇಕು. ಯೋಗ್ಯನು ಯಾವ ಕುಲದವನಾದರೂ ಅವನ ಕೈಗೆ ಕೆಲಸವನ್ನೊಪ್ಪಿಸಿ ನಂಬಬೇಕು. ಸಮಾಜದಿಂದ ಬಂದದ್ದು ಸಮಾಜಕ್ಕೇ ಹೋಗಬೇಕು. ಮಾತುಗಳು ಹೊಸವಲ್ಲ, ಕನ್ನಡದ ಜನರಿಗಂತೂ ಬಹು ಪರಿಚಿತವಾದವು. ಹೆಂಡಿರು ಮಕ್ಕಳುಳ್ಳ ಒಬ್ಬ ಗೃಹಸ್ಥನು ಹಾಲಿನ ಲೆಕ್ಕ, ಯಂತ್ರದ ಸಾಲ, ಹಳ್ಳಿಯ ಜಗಳ ಇವುಗಳ ನಡುವೆಯೇ ನಿಂತು, ಆ ಮಾತುಗಳನ್ನು ಕಾಲು ಶತಮಾನ ನಡೆಸಿ ತೋರಿಸಿದನೆಂಬದೇ ಅವರ ಬಾಳಿನ ಸಾರ.